ನೂರ ಮೂವತ್ತೈದು ನಂಬರಿನ ತೂತು

ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ವರಲಕ್ಷ್ಮಿಗೆ ಮರೆವು ಎನ್ನುವುದೇ ಇಲ್ಲ. ಹನ್ನೆರಡು ವರ್ಷದ ಹಿಂದೆ, ಲಗ್ಗೆರೆಯ ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ, ಎದುರು ಮನೆಯ ಹನುಮಕ್ಕ ನಲ್ಲಿಯ ಸಾಲಿನಲ್ಲಿದ್ದ ಇವಳ ಬಿಂದಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಕೈಯಿಂದ ತಳ್ಳಿದ್ದರೆ ಎರಡು ಮಾತಾಗಿ ಅಲ್ಲಿಗೇ ಮುಗಿಯುತ್ತಿತ್ತು. ಕಾಲಿನಿಂದ ತಳ್ಳಿದ್ದರಿಂದ ಇವತ್ತಿಗೂ ಮುಗಿದಿಲ್ಲ. ಹನುಮಕ್ಕನ ಮಗಳ ಮದುವೆ ಆಯಿತು, ಮೊಮ್ಮಗುವಿನ ನಾಮಕರಣ ಆಯಿತು. ಎರಡಕ್ಕೂ ವರಲಕ್ಷ್ಮಿ ರೇಷ್ಮೆ ಸೀರೆ ಉಟ್ಟು ಹೋದಳು, ಅರಿಶಿನ ಕುಂಕುಮ ತೆಗೆದುಕೊಂಡಳು, ಹೂವನ್ನೂ ಮುಡಿದುಕೊಂಡಳು. ಊಟಕ್ಕೆ ಮಾತ್ರ ಕೂರಲಿಲ್ಲ. ಯಾಕೆಂದು ಹನುಮಕ್ಕನಿಗೆ ಇನ್ನೂ ಗೊತ್ತಿಲ್ಲ, ಆದರೆ ಒಳಗೊಳಗೇ ಚುಚ್ಚುತ್ತಿರುತ್ತದೆ. ವರಲಕ್ಷ್ಮಿಗೆ ಅಷ್ಟು ಸಾಕು.

ಇಂಥವಳ ಬಗ್ಗೆ ನಾನು ಬರೆಯಲು ಕೂತಿರುವುದು ಅವಳಿಗೆ ಬುದ್ಧಿ ಹೇಳುವುದಕ್ಕಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕ್ಷಮಿಸಿಬಿಡು, ಮರೆತುಬಿಡು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ತಪ್ಪಾಯಿತು ಎಂದು ಹೇಳದವರನ್ನು ಯಾಕೆ ಕ್ಷಮಿಸಬೇಕು ಮಿಸ್ ಎಂದು ಒಂದು ಮಗುವೂ ನನ್ನನ್ನು ಕೇಳಲಿಲ್ಲ.  ಮೊದಲೇ ಹೇಳಿಬಿಡುತ್ತೇನೆ, ನಾನು ವರಲಕ್ಷ್ಮಿಯ ಪಕ್ಷ. ಎರಡೂ ಕಡೆಯ ಮಾತು ಬೇಕಾದವರು ಹೇರೋಹಳ್ಳಿಗೆ ಹೋಗಿ ಅಲ್ಲಿ ಕಾರು ಮಾಡುವ ಮೋಹನ್ ಕುಮಾರನನ್ನು ಕೇಳಿಕೊಳ್ಳಬಹುದು.

ಅವಳ ಅಪ್ಪ ಬೈರಯ್ಯ ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಎರಡು ವರ್ಷಕ್ಕೆ, ಹದಿನೆಂಟು ತುಂಬುತ್ತಿದ್ದ ಹಾಗೆ, ಮಗಳನ್ನು ಪಕ್ಕದ ಶೆಡ್ಡಿಗೆ ಸೇರಿಸಿದರು. ಅಲ್ಲಿ ಡೀಸೆಲ್ ಪಂಪುಗಳ ಹಿತ್ತಾಳೆ ಮೂತಿಗಳಿಗೆ ತೂತು ಕೊರೆಯುವ ಕೆಲಸ. ಹೊಲಿಗೆ ಸೂಜಿಯಷ್ಟು ದಪ್ಪದ ಕೊರೆಯುವ ಕಡ್ಡಿ, ಡ್ರಿಲ್ ಬಿಟ್. ಉಸಿರು ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಟಕ್ಕೆಂದು ಮುರಿಯುತ್ತದೆ. ಗಂಡಸರು ದಿನಕ್ಕೆ ಹತ್ತು ಬಿಟ್ ಮುರಿಯುತ್ತಿದ್ದರಂತೆ, ಇವಳು ವಾರಕ್ಕೆ ಒಂದು. ಕೊರೆದ ಮೇಲೆ ಪ್ರತಿ ತೂತಿಗೂ ಎರಡು ಗೇಜ್ ಪಿನ್ನು, ಅಂದರೆ ಅಳತೆ ಸೂಜಿ, ಹಾಕಿ ನೋಡಬೇಕು. ಮೊದಲನೆಯದು ಒಳಗೆ ಹೋಗಬೇಕು. ಅದಕ್ಕಿಂತ ಒಂದು ಕೂದಲಿನ ಏಳನೇ ಒಂದು ಪಾಲಿನಷ್ಟು ಹೆಚ್ಚು ದಪ್ಪದ ಎರಡನೆಯದು ಹೋಗಬಾರದು. ಮೊದಲನೆಯದು ಹೋಗದಿದ್ದರೂ, ಎರಡನೆಯದು ಹೋದರೂ ಆ ಸಾಮಾನು ತಿಪ್ಪೆಗೆ. ಈ ಕೆಲಸವನ್ನು ಅವಳು ಹನ್ನೊಂದು ವರ್ಷ ಮಾಡಿದಳು. ಆಮೇಲೆ ಅದನ್ನೆಲ್ಲ ತಾನೇ ಮಾಡುವ ಯಂತ್ರ ಬಂದು ಶೆಡ್ಡಿನ ಹೆಂಗಸರು ಮನೆಗೆ ಹೋದರು. ವರಲಕ್ಷ್ಮಿ ಮನೆಗೆ ಬರುವಾಗ ಮುಷ್ಟಿಯಲ್ಲಿ ಹಿಡಿಯುವ ಒಂದು ಕೈ ಡ್ರಿಲ್ಲು, ಒಂದು ಭೂತಗನ್ನಡಿ, ಒಂದು ಡಬ್ಬಿ ಗೇಜ್ ಪಿನ್ನು ಕೊಂಡುತಂದಳು. ಕಿಟಕಿಯ ಬುಡದಲ್ಲಿ ಬೆಳಗ್ಗೆ ಹತ್ತರಿಂದ ಹನ್ನೆರಡರ ತನಕ ಒಳ್ಳೆ ಬೆಳಕು ಬೀಳುತ್ತದೆ. ಅಲ್ಲೇ ಅವಳ ಕಾರ್ಖಾನೆ.

ಮನೆಯಲ್ಲಿ ಅವಳು ಕೊರೆಯುತ್ತಿದ್ದದ್ದು ಗಂಡ ಸುಬ್ರಮಣಿಗೆ ಬೇಕಾದ ಜೆಟ್‌ಗಳನ್ನು. ಸುಬ್ರಮಣಿ ಕಾರಿನ ಇಂಜಿನ್‌ಗಳನ್ನು ಬಿಚ್ಚಿ, ಉಜ್ಜಿ, ಮೂಲ ಕಂಪನಿಯವರು ಕನಸಿನಲ್ಲೂ ಕಾಣದಷ್ಟು ವೇಗಕ್ಕೆ ಏರಿಸುವ ಮನುಷ್ಯ. ಜೆಟ್ ಎಂದರೆ ಕಾರ್ಬುರೇಟರಿನ ಒಳಗೆ ಕೂರುವ, ನಡುವೆ ತೂತಿರುವ ಹಿತ್ತಾಳೆಯ ಪುಟ್ಟ ತಿರುಪು. ಇಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕು ಎನ್ನುವುದನ್ನು ಆ ತೂತು ತೀರ್ಮಾನಿಸುತ್ತದೆ. ಬೇಕಾದ ಅಳತೆ ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ಜೆಟ್ಟಿನ ತೂತಿಗೆ ಬೆಸುಗೆ ತುಂಬಿ ಮುಚ್ಚಿ, ಹೊಸದಾಗಿ ಕೊರೆಯಬೇಕು. ಸುಬ್ರಮಣಿ ನಂಬರು ಹೇಳುವುದು, ಇವಳು ಕೊರೆದು ಕೊಡುವುದು. ಗಂಡ ಹೆಂಡತಿಯ ನಡುವೆ ಅದಕ್ಕಿಂತ ಹೆಚ್ಚು ಪ್ರೀತಿಯ ಮಾತು ನಡೆದದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಮೋಹನ್ ಕುಮಾರ್. ಅವರು ಎಂದು ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ, ಅವನು ಎಂದೇ ಬರೆಯುತ್ತೇನೆ. ಹೇರೋಹಳ್ಳಿಯ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾದ ಮೇಲೆ ಇವನಿಗೆ ಕಾರಿನ ಹುಚ್ಚು ಹಿಡಿಯಿತು. ಮನೆಯ ಹಿಂದೆ ಶೆಡ್ಡು ಕಟ್ಟಿಸಿ, ತನ್ನದೇ ಹೆಸರಿನ ಬೋರ್ಡು ಹಾಕಿ, ಒಂದು ಸ್ಪೋರ್ಟ್ಸ್ ಕಾರು ಮಾಡಲು ಹೊರಟ. ಹೆಸರು ಗಿಡುಗ. ಒಟ್ಟು ಹತ್ತೇ ಕಾರು, ಹನ್ನೊಂದನೆಯದನ್ನು ಯಾರು ಕಾಲಿಗೆ ಬಿದ್ದರೂ ಮಾಡುವುದಿಲ್ಲ ಎಂದು ಘೋಷಣೆ. ಕಾರು ನಿಜಕ್ಕೂ ಚಂದವಿತ್ತು, ಸುಳ್ಳು ಹೇಳಬಾರದು. ಫೈಬರಿನ ಮೈ, ನನ್ನ ಸೊಂಟದೆತ್ತರ, ಇಬ್ಬರು ಕೂರುವಷ್ಟು ಜಾಗ, ಹಳೆಯ ಕಾಲದ ಜೋಡಿ ಕಾರ್ಬುರೇಟರು. ಅದರ ಸದ್ದಿಗೇ ಜನ ಮರುಳಾಗುತ್ತಿದ್ದರು. ರಸ್ತೆಗೆ ನೋಂದಣಿ ಇಲ್ಲ, ರೇಸಿನ ಟ್ರ್ಯಾಕಿನಲ್ಲೋ ಸ್ವಂತ ಜಾಗದಲ್ಲೋ ಓಡಿಸಬೇಕು. ಹೇರೋಹಳ್ಳಿಯ ಹಂಪುಗಳಿಗೆ ಹೊಟ್ಟೆ ತಾಗುತ್ತದೆಂದು ಶೆಡ್ಡಿನಿಂದ ಲಾರಿ ಮೇಲೆಯೇ ಹೊರಡಬೇಕಿತ್ತು.

ಆ ಕಾರಿನ ಮೈ ಯಾರಾದರೂ ಮಾಡಬಹುದಾಗಿತ್ತು. ಇಂಜಿನ್ ಸುಬ್ರಮಣಿ ಮಾಡಿದ್ದು. ಇಂಜಿನ್ನಿನ ತಲೆಯ ಮೇಲಿದ್ದ ಫಲಕದಲ್ಲಿ ಮಾತ್ರ ಮೋಹನ್ ಕುಮಾರನ ಸಹಿ ಇತ್ತು. ಅದಕ್ಕೆ ಸುಬ್ರಮಣಿ ಬೇಸರಪಟ್ಟುಕೊಳ್ಳಲಿಲ್ಲ, ಸಹಿಯಿಂದ ಗಾಡಿ ಓಡಲ್ಲ ಬಿಡಿ ಮಿಸ್ ಎಂದು ನಕ್ಕಿದ್ದ.

ಈಗ ಒಂದು ಸಂಗತಿ ಹೇಳಬೇಕು, ಇದು ಗೊತ್ತಾಗದೆ ಮುಂದಿನದು ಗೊತ್ತಾಗುವುದಿಲ್ಲ. ಬೆಂಗಳೂರು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲಿದೆ. ಇಲ್ಲಿ ಗಾಳಿ ತೆಳು, ಆದ್ದರಿಂದ ಇಂಜಿನ್ನಿಗೆ ಪೆಟ್ರೋಲೂ ಕಡಿಮೆ ಸಾಕು. ಚೆನ್ನೈ ಸಮುದ್ರದ ಪಕ್ಕದಲ್ಲೇ ಇದೆ, ಅಲ್ಲಿ ಗಾಳಿ ಗಟ್ಟಿ. ಗಾಳಿ ಹೆಚ್ಚಿ ಪೆಟ್ರೋಲು ಹೆಚ್ಚದಿದ್ದರೆ ಇಂಜಿನ್ ಒಳಗೊಳಗೇ ಮಿತಿಮೀರಿ ಕಾದು ಪಿಸ್ಟನ್ನಿನ ನೆತ್ತಿ ಕರಗುತ್ತದೆ. ಗಿಡುಗಕ್ಕೆ ಬೆಂಗಳೂರಿನಲ್ಲಿ ನೂರ ಮೂವತ್ತೈದು ನಂಬರಿನ ಜೆಟ್ಟು ಸರಿ, ಅಂದರೆ ಒಂದು ಪಾಯಿಂಟ್ ಮೂರು ಐದು ಮಿಲಿಮೀಟರಿನ ತೂತು. ಚೆನ್ನೈಗೆ ಇಳಿದರೆ ನೂರ ನಲವತ್ತು ಬೇಕು. ಇಷ್ಟನ್ನು ಸುಬ್ರಮಣಿ ನನಗೆ ಮೆಟ್ಟಿಲ ಮೇಲೆ ಕೂತು ಐದು ನಿಮಿಷದಲ್ಲಿ ಅರ್ಥಮಾಡಿಸಿದ. ಮೋಹನ್ ಕುಮಾರನಿಗೆ ಒಂದು ತಿಂಗಳು ಹೇಳಿದರೂ ಅರ್ಥವಾಗಲಿಲ್ಲ.

ಎರಡು ವರ್ಷದ ಹಿಂದೆ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಮೊದಲ ಗಿಡುಗವನ್ನು ಜನರಿಗೆ ತೋರಿಸುವ ದಿನ ಬಂತು. ವರಲಕ್ಷ್ಮಿ ನೂರ ನಲವತ್ತರ ನಾಲ್ಕು ಜೆಟ್ ಕೊರೆದು, ಹತ್ತಿಯಲ್ಲಿ ಸುತ್ತಿ, ಗಂಡನ ಕೈಗೆ ಕೊಟ್ಟಿದ್ದಳು. ಹೊರಡುವಾಗ ಮೋಹನ್ ಕುಮಾರ್ ಆ ಪೊಟ್ಟಣವನ್ನು ಇಲ್ಲೇ ಇಡು ಎಂದನಂತೆ. ಗಿರಾಕಿಗಳ ಎದುರಿಗೆ ಕಾರ್ಬುರೇಟರ್ ಬಿಚ್ಚಿಕೊಂಡು ಕೂತರೆ ಇದೇನು ಗ್ಯಾರೇಜಿನ ಕಾರಾ ಅಂದುಕೊಳ್ಳುತ್ತಾರೆ, ಇಲ್ಲಿ ಓಡುತ್ತದೆ ಅಂದಮೇಲೆ ಅಲ್ಲೂ ಓಡುತ್ತದೆ ಎಂದು ವಾದ. ಸುಬ್ರಮಣಿ ಎರಡು ಸಲ ಹೇಳಿದ, ಮೂರನೇ ಸಲ ಹೇಳಲು ಹೋದಾಗ ಬೈಸಿಕೊಂಡ, ಸುಮ್ಮನಾದ. ಒಂಬತ್ತನೇ ಸುತ್ತಿಗೆ ಕಾರು ಹೊಗೆ ಕಾರುತ್ತಾ ನಿಂತಿತು. ಅಲ್ಲೇ ಮೈಕು ಹಿಡಿದು ಬಂದವರ ಮುಂದೆ ಮೋಹನ್ ಕುಮಾರ್ ನಗುತ್ತಾ ಹೇಳಿದ ಮಾತು ಇದು: "ಡಿಸೈನ್‌ನಲ್ಲಿ ಏನೂ ಪ್ರಾಬ್ಲಮ್ ಇಲ್ಲ. ಲೋಕಲ್ ಮೆಕ್ಯಾನಿಕ್ ಒಬ್ಬ ಇದ್ದ, ಅವನ ಬೇಜವಾಬ್ದಾರಿ. ಇವತ್ತಿಂದ ಅವನು ಇರಲ್ಲ."

ಹಿಂದೆ, ಇಪ್ಪತ್ತು ಅಡಿ ದೂರದಲ್ಲಿ, ಕೈ ಒರೆಸಿಕೊಳ್ಳುತ್ತಾ ಸುಬ್ರಮಣಿ ನಿಂತಿರುವುದು ಆ ವಿಡಿಯೋದಲ್ಲಿ ಕಾಣುತ್ತದೆ. ಅವನಿಗೆ ಆ ಮಾತು ಕೇಳಿಸಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ನೋಡಿದಾಗಲೇ ತನ್ನ ಕೆಲಸ ಹೋದದ್ದು ಅವನಿಗೆ ಗೊತ್ತಾದದ್ದು.

ವಿಡಿಯೋ ಎಲ್ಲರ ಫೋನಿಗೂ ಹೋಯಿತು. ಬೆಂಗಳೂರಿನಲ್ಲಿ ಇಂಥ ಕೆಲಸ ಮಾಡುವ ಗ್ಯಾರೇಜುಗಳು ಬೆರಳೆಣಿಕೆಯಷ್ಟು, ಅಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಪಿಸ್ಟನ್ ಸುಟ್ಟವನು ಎನ್ನುವ ಹೆಸರು ಸುಬ್ರಮಣಿಗೆ ಅಂಟಿಕೊಂಡಿತು. ರಾಜಾಜಿನಗರದಲ್ಲಿ ಹದಿನೈದು ವರ್ಷದ ಸ್ನೇಹಿತನೊಬ್ಬ ಆಯಿಲ್ ಬದಲಾಯಿಸುವ ಕೆಲಸ ಬೇಕಾದರೆ ಇದೆ, ಇಂಜಿನ್ ಮುಟ್ಟಬೇಡ ಅಂದ. ಆವತ್ತು ಸುಬ್ರಮಣಿ ಮನೆಗೆ ಬಂದು ಊಟ ಮಾಡದೆ ಮಲಗಿದ. ಒಂದು ವಾರದ ನಂತರ ವಿಜಯನಗರದ ಮಾರುಕಟ್ಟೆಯ ಹತ್ತಿರ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವ ಅಂಗಡಿಗೆ ಹೋಗತೊಡಗಿದ. ಮಿಕ್ಸಿಗೂ ಮೋಟಾರಿದೆ ಎಂದು ನನ್ನ ಹತ್ತಿರ ತಮಾಷೆ ಮಾಡಿದ. ಅವನು ಆ ತಮಾಷೆ ಮಾಡಬಾರದಿತ್ತು, ನನಗೆ ಕಣ್ಣಲ್ಲಿ ನೀರು ಬಂತು.

ಅವನು ಮರೆತನೋ ನುಂಗಿಕೊಂಡನೋ ಗೊತ್ತಿಲ್ಲ, ಅಂತೂ ಆ ಮಾತು ಎತ್ತಲಿಲ್ಲ. ವರಲಕ್ಷ್ಮಿ ಮಾತ್ರ ಆ ವಿಡಿಯೋವನ್ನು ದಿನಕ್ಕೊಮ್ಮೆ ನೋಡುತ್ತಿದ್ದಳು, ಅವನು ಕೆಲಸಕ್ಕೆ ಹೋದ ಮೇಲೆ, ತಿಂಡಿ ಪಾತ್ರೆ ತೊಳೆದಿಟ್ಟು. ದೇವರ ಮುಂದೆ ದೀಪ ಹಚ್ಚಿದಷ್ಟು ಶ್ರದ್ಧೆಯಿಂದ. ಯಾಕೆ ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುತ್ತೀಯ ಎಂದು ಒಂದು ದಿನ ಕೇಳಿದೆ. "ಅವನು ಹೆಸರು ಹೇಳಲಿಲ್ಲ ಮಿಸ್. ಒಬ್ಬ ಇದ್ದ ಅಂದ. ನಾಲ್ಕು ಇಂಜಿನ್ ಕಟ್ಟಿಕೊಟ್ಟೋರು ಒಬ್ಬ ಇದ್ದ ಆಗೋದ್ರು. ಅವನ ಬಾಯಿಂದಾನೇ ಇವ್ರ ಹೆಸರು ಬರಬೇಕು. ಬರೋವರೆಗೂ ನಾನು ಬಿಡಲ್ಲ," ಅಂದಳು. ಏನು ಮಾಡುತ್ತೀಯ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ, ಕಾಯುತ್ತೇನೆ ಅಂದಳು.

ಕಾಯುವುದು ಅವಳಿಗೆ ಬರುತ್ತದೆ. ಈ ಎರಡು ವರ್ಷದಲ್ಲಿ ಮೋಹನ್ ಕುಮಾರ್ ಮೊದಲ ಕಾರನ್ನು ರಿಪೇರಿ ಮಾಡಿಸಿದ, ಇನ್ನೆರಡನ್ನು ಗಿರಾಕಿಗಳಿಗೆ ಕೊಟ್ಟ. ಆ ಮೂರೂ ಬೆಂಗಳೂರಿನ ಸುತ್ತಮುತ್ತ ಶ್ರೀಮಂತರ ತೋಟದ ಮನೆಗಳೊಳಗೆ, ಪಾಳುಬಿದ್ದ ಒಂದು ಏರ್‌ಸ್ಟ್ರಿಪ್ಪಿನ ಮೇಲೆ ಓಡಾಡುತ್ತಿದ್ದವು. ಇಲ್ಲಿನ ಗಾಳಿಗೆ ಸರಿಯಾಗಿದ್ದ ಕಾರುಗಳು, ಇಲ್ಲಿ ಚೆನ್ನಾಗಿಯೇ ಓಡಿದವು. ನೋಡಿ, ಕಾರಿನಲ್ಲಿ ದೋಷವಿಲ್ಲ, ದೋಷವಿದ್ದದ್ದು ಆ ಮೆಕ್ಯಾನಿಕ್ಕಿನಲ್ಲಿ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಮೊದಮೊದಲು ಸುಳ್ಳೆಂದು ಗೊತ್ತಿದ್ದೇ ಹೇಳಿರಬೇಕು. ಎರಡು ವರ್ಷ ಹೇಳಿದ ಮೇಲೆ ಅವನೇ ಅದನ್ನು ನಂಬಿಬಿಟ್ಟ. ನನ್ನ ಪ್ರಕಾರ ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಹೋದ ಫೆಬ್ರವರಿಯಲ್ಲಿ ವಿಜಯನಗರದ ಸ್ಪೇರ್ ಪಾರ್ಟ್ಸ್ ಅಂಗಡಿಯ ಸೋಮಲಿಂಗಪ್ಪ ಒಂದು ಚೀಟಿ ಮತ್ತು ನಾಲ್ಕು ಹಳೆಯ ಜೆಟ್ ಹಿಡಿದುಕೊಂಡು ವರಲಕ್ಷ್ಮಿಯ ಬಾಗಿಲಿಗೆ ಬಂದರು. ಆಗೀಗ ಇಂಥ ಸಣ್ಣ ಕೆಲಸಗಳನ್ನು ಅವರು ಇವಳಿಗೆ ತಂದುಕೊಡುತ್ತಿದ್ದರು. ಹೊರದೇಶದಿಂದ ತರಿಸಿದರೆ ಒಂದೂವರೆ ತಿಂಗಳಾಗುತ್ತದೆ, ನಮ್ಮ ಕಡೆ ಒಬ್ಬರು ಮಾಡಿಕೊಡುತ್ತಾರೆ ಎಂದು ಗಿರಾಕಿಗೆ ಹೇಳಿದ್ದರಂತೆ. ಯಾರು ಮಾಡುತ್ತಾರೆಂದು ಆ ಗಿರಾಕಿ ಕೇಳಿರಲಿಲ್ಲ. ಸುಬ್ರಮಣಿ ತರುತ್ತಿದ್ದ ಜೆಟ್ಟುಗಳನ್ನು ಯಾರು ಕೊರೆಯುತ್ತಾರೆಂದೂ ಅವನು ಹಿಂದೆ ಎಂದೂ ಕೇಳಿರಲಿಲ್ಲ.

ಸೋಮಲಿಂಗಪ್ಪ ಹೋದ ಮೇಲೆ ವರಲಕ್ಷ್ಮಿ ಮೇಲೆ ಬಂದಳು. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಚೀಟಿಯನ್ನು ನನ್ನ ಮುಂದೆ ಹಿಡಿದು, ಜೋರಾಗಿ ಓದಿ ಮಿಸ್ ಅಂದಳು. ಮೋಹನ್ ಕುಮಾರನ ಕಾರ್ಖಾನೆಯ ಹೆಸರು ಅಚ್ಚಾದ ಹಾಳೆ. ಗಿಡುಗ ನಾಲ್ಕನೇ ಕಾರಿಗೆ ಮೇನ್ ಜೆಟ್, ನಂಬರು ನೂರ ಮೂವತ್ತೈದು, ನಾಲ್ಕು. ಭಾನುವಾರ ಚೆನ್ನೈ ಟ್ರ್ಯಾಕಿಗೆ ಬೇಕು, ಶುಕ್ರವಾರದೊಳಗೆ ಕೊಡಿ. ಕೆಳಗೆ ಸಹಿ. ಆ ನಂಬರು ಅವನಿಗೆ ಸಿಕ್ಕಿದ್ದು ಶೆಡ್ಡಿನ ಗೋಡೆಯ ಮೇಲೆ ಸುಬ್ರಮಣಿ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ ಲೆಕ್ಕದಿಂದ ಎಂದು ಆಮೇಲೆ ತಿಳಿಯಿತು. ಅದು ಬೆಂಗಳೂರಿನ ನಂಬರು.

"ಇದ್ರಲ್ಲಿ ಬರ್ದಿರೋದನ್ನ ಬರ್ದಂಗೇ ಮಾಡಿಕೊಟ್ರೆ ನಂದೇನಾದ್ರೂ ತಪ್ಪಿದ್ಯಾ ಮಿಸ್?" ಎಂದು ಕೇಳಿದಳು.

ಯಾರು ಓಡಿಸುತ್ತಾರೆ ಎಂದು ಕೇಳಿದೆ. ಮೋಹನ್ ಕುಮಾರನೇ ಓಡಿಸುತ್ತಾನಂತೆ, ಹಳೆಯ ಅವಮಾನ ತೊಳೆದುಕೊಳ್ಳಲು ಅದೇ ಟ್ರ್ಯಾಕಿನಲ್ಲಿ ಗಿರಾಕಿಗಳನ್ನೆಲ್ಲ ಕೂಡಿಸಿದ್ದಾನಂತೆ. ಇಷ್ಟನ್ನೂ ಅವಳು ಸೋಮಲಿಂಗಪ್ಪನಿಂದ ತಿಳಿದುಕೊಂಡಿದ್ದಳು. ಅಷ್ಟು ವೇಗದಲ್ಲಿ ಏನಾದರೂ ಆದರೆ ಎಂದು ನಾನು ಕೇಳಿದೆ.

"ಅದನ್ನೂ ಯೋಚ್ನೆ ಮಾಡ್ದೆ," ಅಂದಳು. 

ಆಗ ನಾನು ಬೇಡ ಕಣೇ ಎನ್ನಬಹುದಿತ್ತು. ಒಂದು ಸಾಲು ಬರೆದು ಕಳಿಸು, ಚೆನ್ನೈಗೆ ನೂರ ನಲವತ್ತು ಬೇಕು ಎಂದು ತಿಳಿಸು ಎನ್ನಬಹುದಿತ್ತು. ಸುಬ್ರಮಣಿ ಬಗ್ಗಿಕೊಂಡು ಯಾರದೋ ಮನೆಯ ಮಿಕ್ಸಿ ಜಾರಿನ ತಳ ಬಿಚ್ಚುತ್ತಿದ್ದದ್ದು ನನ್ನ ಕಣ್ಣ ಮುಂದೆ ಬಂತು. "ಬರ್ದಿದ್ದನ್ನ ಬರ್ದಂಗೆ ಮಾಡಿದ್ರೆ ತಪ್ಪೇನಿಲ್ಲ," ಅಂದೆ. ಈ ಮಾತು ಹೇಳಿದ್ದು ನಾನು. ಮುಚ್ಚಿಡುವುದಿಲ್ಲ.

ಅವಳು ಆ ನಾಲ್ಕು ಜೆಟ್ಟುಗಳನ್ನು ಕೊರೆಯಲು ಎರಡು ಬೆಳಗು ತೆಗೆದುಕೊಂಡಳು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ತಾನು ಜೀವನದಲ್ಲಿ ಮಾಡಿಲ್ಲ ಎಂದು ಹೇಳಿದಳು. ಒಂದು ಎಳೆ ಚಿಕ್ಕದಾಗಿ ಕೊರೆದಿದ್ದರೆ ಇನ್ನೂ ಬೇಗ ಸುಡುತ್ತಿತ್ತು, ಅದನ್ನು ಅವಳು ಮಾಡಲಿಲ್ಲ. ಅವನ ಅಕ್ಷರಕ್ಕೆ ಸರಿಯಾಗಿ, ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೊರೆದು ಕೊಟ್ಟಳು. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಂಡನ ಆಧಾರ್ ಕಾರ್ಡಿನ ಜೊತೆ ಬೀರುವಿನಲ್ಲಿಟ್ಟಳು. ಗಂಡನಿಗೆ ಹೇಳಲಿಲ್ಲ.

ಸೋಮವಾರ ಬೆಳಗ್ಗೆ ಸೋಮಲಿಂಗಪ್ಪ ಫೋನ್ ಮಾಡಿದರು. ಹನ್ನೊಂದನೇ ಸುತ್ತಿನಲ್ಲಿ ಇಂಜಿನ್ ಸಿಡಿದು, ಆಯಿಲ್ ಹಿಂದಿನ ಚಕ್ರಕ್ಕೆ ಚೆಲ್ಲಿ, ಕಾರು ಗಿರಗಿರನೆ ತಿರುಗಿ ಟೈರಿನ ಗೋಡೆಗೆ ಹೊಡೆದಿತ್ತು. ವರಲಕ್ಷ್ಮಿ ಕೇಳಿದ್ದು ಒಂದೇ ಪ್ರಶ್ನೆ, ಬದುಕಿದ್ದಾನಾ ಎಂದು. ಬದುಕಿದ್ದಾನೆ, ಎಡಗೈ ಮುರಿದಿದೆ, ಪಕ್ಕೆಲುಬು ಎರಡು ಬಿರುಕುಬಿಟ್ಟಿವೆ ಎಂದರು. ಹಾಗಿದ್ದರೆ ಬರುತ್ತಾನೆ ಎಂದು ಹೇಳಿ ಫೋನ್ ಇಟ್ಟು ಅವಳು ಚಟ್ನಿ ರುಬ್ಬಲು ಹೋದಳು.  

ಬಂದ. ಮೂರನೇ ವಾರದ ಶನಿವಾರ, ಹನ್ನೊಂದು ಗಂಟೆಗೆ, ಕೈಗೆ ಪ್ಲಾಸ್ಟರ್ ಹಾಕಿಕೊಂಡು ಜೀಪಿನಿಂದ ಇಳಿದ. ಜೊತೆಗೆ ಸೋಮಲಿಂಗಪ್ಪ, ಮತ್ತು ಸುಟ್ಟುಹೋದ ನಾಲ್ಕನೇ ಕಾರಿಗೆ ಮುಂಗಡ ಕೊಟ್ಟಿದ್ದ ದಿವ್ಯ. ಬಸವೇಶ್ವರನಗರದಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡಿರುವ ಹೆಣ್ಣುಮಗಳು. ಕಾರು ಯಾಕೆ ಸುಟ್ಟಿತೆಂದು ತಿಳಿಯದೆ ಸುಮ್ಮನಿರುವುದಿಲ್ಲ ಎಂದು ಪಟ್ಟು ಹಿಡಿದಿದ್ದಳಂತೆ. ಕಳಪೆ ಜೆಟ್ಟಿನಿಂದ ಸುಟ್ಟಿತು, ಮಾಡಿದವರ ಮನೆಗೇ ಕರೆದೊಯ್ದು ತೋರಿಸುತ್ತೇನೆ ಎಂದು ಇವನು ಕರೆತಂದಿದ್ದ. ಗದ್ದಲ ಕೇಳಿ ನಾನೂ ಕೆಳಗಿಳಿದೆ. ಹನುಮಕ್ಕನೂ ತನ್ನ ಬಾಗಿಲಿಗೆ ಬಂದು ನಿಂತಳು.

ಒಳಗೆ ಗೋಡೆಯ ಮೇಲಿದ್ದ ಮದುವೆ ಫೋಟೋದಲ್ಲಿ ಸುಬ್ರಮಣಿಯನ್ನು ಕಂಡಾಗ ಮೋಹನ್ ಕುಮಾರನಿಗೆ ಇದು ಯಾರ ಮನೆಯೆಂದು ಗೊತ್ತಾಯಿತು. ಓಹೋ, ಇದಾ ವಿಷಯ, ಬೇಕಂತಲೇ ಕೆಡಿಸಿಕೊಟ್ಟಿದ್ದಾರೆ ಎಂದು ದಿವ್ಯಳ ಕಡೆ ತಿರುಗಿ ಗೆದ್ದವನ ಹಾಗೆ ಹೇಳಿದ. ವರಲಕ್ಷ್ಮಿ ಕಿಟಕಿಯ ಬುಡದಲ್ಲಿ ಬಿಳಿ ಬಟ್ಟೆ ಹಾಸಿದಳು, ಭೂತಗನ್ನಡಿ ಇಟ್ಟಳು, ಡಬ್ಬಿಯಿಂದ ಎರಡು ಪಿನ್ನು ತೆಗೆದಿಟ್ಟಳು. ಒಂದು ಪಾಯಿಂಟ್ ಮೂರು ಐದು ಒಳಗೆ ಹೋಗಬೇಕು, ಒಂದು ಪಾಯಿಂಟ್ ಮೂರು ಆರು ಹೋಗಬಾರದು, ನಾನು ಮುಟ್ಟಲ್ಲ, ನೀವೇ ಹಾಕಿ ನೋಡಿ ಮೇಡಂ ಎಂದು ದಿವ್ಯಳಿಗೆ ಹೇಳಿದಳು.

ದಿನವೆಲ್ಲ ಹಲ್ಲು ಕೊರೆಯುವವಳಿಗೆ ತೂತು ಪರೀಕ್ಷಿಸುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಮೋಹನ್ ಕುಮಾರ್ ಸುಟ್ಟ ಇಂಜಿನ್ನಿನಿಂದ ತೆಗೆದು ತಂದಿದ್ದ ನಾಲ್ಕು ಜೆಟ್ಟುಗಳನ್ನೂ ಒಂದೊಂದಾಗಿ ನೋಡಿದಳು. ನಾಲ್ಕರಲ್ಲೂ ಮೊದಲ ಪಿನ್ನು ಹೋಯಿತು, ಎರಡನೆಯದು ಹೋಗಲಿಲ್ಲ. ಆಮೇಲೆ ವರಲಕ್ಷ್ಮಿ ಬೀರುವಿನಿಂದ ತಂದುಕೊಟ್ಟ ಚೀಟಿ ಓದಿದಳು. ಬರೆದಿರುವುದೂ ಮಾಡಿರುವುದೂ ಒಂದೇ ಇದೆ, ಹಾಗಾದರೆ ಸುಟ್ಟಿದ್ದು ಯಾಕೆ ಎಂದು ಕೇಳಿದಳು. ಕೇಳಿದ್ದು ಮೋಹನ್ ಕುಮಾರನನ್ನು. ಉತ್ತರ ಕೊಟ್ಟಿದ್ದು ವರಲಕ್ಷ್ಮಿ. ಇಲ್ಲಿನ ಗಾಳಿ, ಅಲ್ಲಿನ ಗಾಳಿ, ನೂರ ಮೂವತ್ತೈದು, ನೂರ ನಲವತ್ತು, ಎರಡು ವರ್ಷದ ಹಿಂದೆ ಹತ್ತಿಯಲ್ಲಿ ಸುತ್ತಿ ಕೊಟ್ಟ ಪೊಟ್ಟಣ, ಇಲ್ಲೇ ಇಡು ಎಂದ ಮಾತು, ಎಲ್ಲವನ್ನೂ ದನಿ ಏರಿಸದೆ ಹೇಳಿದಳು. ನನ್ನ ಕ್ಲಾಸಿನಲ್ಲಿ ಯಾವ ಮಗುವೂ ಅಷ್ಟು ಚೆನ್ನಾಗಿ ಪಾಠ ಒಪ್ಪಿಸಿರಲಿಲ್ಲ.

ಸುಬ್ರಮಣಿ ನಿಮಗೆ ಇದನ್ನು ಹೇಳಿದ್ದರಾ ಎಂದು ದಿವ್ಯ ಕೇಳಿದಳು. ಮೋಹನ್ ಕುಮಾರ್ ಪ್ಲಾಸ್ಟರನ್ನು ನೋಡಿಕೊಂಡು ನಿಂತಿದ್ದ. ತಲೆ ಎತ್ತದೆ "ಹೇಳಿದ್ದ," ಅಂದ.

"ಆವತ್ತು ಮೈಕಲ್ಲಿ ಹೇಳಿದ್ರಲ್ಲ, ಈಗ್ಲೂ ಹಂಗೇ ಹೇಳಿ," ಎಂದು ವರಲಕ್ಷ್ಮಿ ತನ್ನ ಫೋನು ಎತ್ತಿ ಹಿಡಿದಳು. ಅವನು ದಿವ್ಯಳ ಮುಖ ನೋಡಿದ, ಅವಳು ಕೈಕಟ್ಟಿ ನಿಂತಿದ್ದಳು. ಬೇರೆ ದಾರಿ ಇರಲಿಲ್ಲ. ಮೊದಲ ಕಾರು ಸುಟ್ಟಿದ್ದು ಮೆಕ್ಯಾನಿಕ್ಕಿನ ತಪ್ಪಿನಿಂದಲ್ಲ, ಮೆಕ್ಯಾನಿಕ್ಕು ಮೊದಲೇ ಎಚ್ಚರಿಸಿದ್ದರು, ತಪ್ಪು ನನ್ನದು ಎಂದು ಹೇಳಿ ಮುಗಿಸಿದ.

"ಮೆಕ್ಯಾನಿಕ್ ಅಲ್ಲ," ಅಂದಳು ವರಲಕ್ಷ್ಮಿ. "ಹೆಸರು ಹೇಳಿ. ಮೊದಲಿಂದ ಹೇಳಿ."

ಅವನು ಮೊದಲಿನಿಂದ ಹೇಳಿದ, ಹೆಸರು ಹಾಕಿ. ಸುಬ್ರಮಣಿ ಎನ್ನುವಾಗ ದನಿ ತಗ್ಗಿಸಿದನೆಂದು ಅವಳು ಮೂರನೇ ಸಲವೂ ಹೇಳಿಸಿದಳು. ಗೇಟು ದಾಟಿ ಹೋಗುವಾಗ ಅವನು ನಮ್ಮ ಯಾರ ಕಡೆಯೂ ನೋಡಲಿಲ್ಲ. ನನಗೆ ಆವತ್ತು ಆದಷ್ಟು ಸಂತೋಷ ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಆಗಿರಲಿಲ್ಲ, ಇದು ನಿಜ. ವರಲಕ್ಷ್ಮಿ ಬೆಲ್ಲ ತುಪ್ಪ ಹಾಕಿ ಸಿಹಿ ಪೊಂಗಲ್ ಮಾಡಿದಳು, ನನಗೊಂದು ಬಟ್ಟಲು ಕೊಟ್ಟಳು.

ಮಧ್ಯಾಹ್ನದೊಳಗೆ ಆ ವಿಡಿಯೋ ವಿಜಯನಗರದ ಮಿಕ್ಸಿ ಅಂಗಡಿಗೂ ಹೋಗಿತ್ತು. ಸುಬ್ರಮಣಿ ಮನೆಗೆ ಬಂದ, ಪೊಂಗಲ್ ತಿಂದ, ಹೆಂಡತಿಯ ಭುಜ ತಟ್ಟಿದ. ನಾಲ್ಕು ದಿನದ ನಂತರ ದಿವ್ಯಳೇ ಫೋನ್ ಮಾಡಿ, ನನ್ನ ಕಾರಿನ ಇಂಜಿನ್ ನೀವೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟಬಾರದು ಎಂದು ಅವನನ್ನು ಹೇರೋಹಳ್ಳಿಗೆ ಕರೆಸಿಕೊಂಡಳು. ಶೆಡ್ಡಿನ ಬೀಗದ ಕೈಯನ್ನು ಮೋಹನ್ ಕುಮಾರನೇ ತಂದು ಕೊಟ್ಟನಂತೆ. ಸಂಜೆ ನಾನು ಸಂಡಿಗೆ ಎತ್ತಿಡುತ್ತಿದ್ದಾಗ ಸುಬ್ರಮಣಿ ಕೈಯಲ್ಲಿ ಒಂದು ಪಿಸ್ಟನ್ ಹಿಡಿದುಕೊಂಡು ಬಂದ. ನೆತ್ತಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು, ಅಂಚು ಮೇಣದ ಹಾಗೆ ಕರಗಿತ್ತು. ಮೆಟ್ಟಿಲ ಹತ್ತಿರ ನಿಂತಿದ್ದ ಹೆಂಡತಿಗೆ ಅದನ್ನು ಕೊಟ್ಟ.

"ಚೀಟಿ ನೋಡಿದಾಗ್ಲೇ ಗೊತ್ತಾಗಿತ್ತಾ ನಿಂಗೆ?" ಎಂದು ಕೇಳಿದ.

"ಗೊತ್ತಾಗಿತ್ತು."

"ನಾಲ್ಕನೇ ಇಂಜಿನ್ ನಾನು ಕಟ್ಟಿದ್ದು. ಎಂಟು ತಿಂಗಳು ಕಟ್ಟಿದೆ. ಅದೂ ಗೊತ್ತಿತ್ತಾ?"

ಅವಳು ಪಿಸ್ಟನ್ನಿನ ತೂತು ನೋಡುತ್ತಾ ಅದೂ ಗೊತ್ತಿತ್ತು ಅಂದಳು. ಅವನು ಕೋಪ ಮಾಡಲಿಲ್ಲ. ಕೋಪ ಮಾಡಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು. "ಅವನು ಹೋಗ್ಬಿಟ್ಟಿದ್ರೆ?" ಎಂದು ಮೆಲ್ಲಗೆ ಕೇಳಿದ.

"ನಂಬರ್ ಬರ್ದೋನು ಅವನು," ಅಂದಳು ವರಲಕ್ಷ್ಮಿ. ಸುಬ್ರಮಣಿ ಪಿಸ್ಟನ್ನನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡು ಒಳಗೆ ಹೋದ.

ಈಗ ಅವನು ಮತ್ತೆ ಇಂಜಿನ್ ಕೆಲಸಕ್ಕೆ ಬಂದಿದ್ದಾನೆ. ರಾಜಾಜಿನಗರದ ಆ ಸ್ನೇಹಿತ ಮನೆಗೇ ಬಂದು ಕರೆದ. ಗಿಡುಗದ ಗಿರಾಕಿಗಳೂ ಸುಬ್ರಮಣಿಯನ್ನೇ ಕೇಳಿಕೊಂಡು ಬರುತ್ತಾರೆ. ವರಲಕ್ಷ್ಮಿಯೂ ಕೊರೆಯುತ್ತಿದ್ದಾಳೆ. ಮೋಹನ್ ಕುಮಾರನ ವಿಷಯದಲ್ಲಿ ಅವಳಿಗೆ ಇವತ್ತಿಗೂ ಕಾಸಿನಷ್ಟು ಪಶ್ಚಾತ್ತಾಪವಿಲ್ಲ. ನನಗೂ ಇಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಮೊನ್ನೆ ಬೆಳಗ್ಗೆ ಕಾಫಿಪುಡಿ ಕೇಳಲು ಕೆಳಗೆ ಹೋದಾಗ ಒಂದು ದೃಶ್ಯ ನೋಡಿದೆ.

ಮದುವೆಯಾದಾಗಿನಿಂದ ಸುಬ್ರಮಣಿ ಹೆಂಡತಿ ಕೊರೆದ ಜೆಟ್ಟುಗಳನ್ನು ಅಳೆದವನಲ್ಲ. ಅವಳು ಕೊಡುತ್ತಿದ್ದಳು, ಅವನು ಜೇಬಿಗೆ ಹಾಕಿಕೊಂಡು ಹೋಗಿ ಕಣ್ಣುಮುಚ್ಚಿ ಕೂರಿಸುತ್ತಿದ್ದ. ಈಗ ಅವನು ಕಿಟಕಿಯ ಬುಡದಲ್ಲಿ ಕೂತು, ಅವಳದೇ ಭೂತಗನ್ನಡಿ ಹಿಡಿದು, ಅವಳದೇ ಪಿನ್ನು ಒಂದೊಂದಕ್ಕೂ ಹಾಕಿ ನೋಡುತ್ತಾನೆ. ಬೈಯುವುದಿಲ್ಲ, ಕೇಳುವುದಿಲ್ಲ. ಒಂದು ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ, ಪ್ರತಿ ಸಲವೂ. ಆದರೂ ಮುಂದಿನದನ್ನು ಎತ್ತಿಕೊಂಡು ಅಳೆಯುತ್ತಾನೆ. ವರಲಕ್ಷ್ಮಿ ಎದುರಿಗೆ ಕೂತು ನೋಡುತ್ತಾಳೆ.

"ಅಳೀಲಿ ಮಿಸ್, ಸರಿಯಾಗೇ ಇರತ್ತೆ," ಎಂದು ನನಗೆ ಕಾಫಿಪುಡಿ ಕೊಟ್ಟಳು. ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿದರೂ ಅವಳಿಗೆ ಕೂರಿಸಲು ಆಗಲಿಲ್ಲ, ನಾನೇ ಹಾಕಿಕೊಟ್ಟೆ.